ಕೇಪುಳ ಹಳದಿಯಾಯಿತು ಅಂತ ಗಂಧಕದ ಡಬ್ಬಕ್ಕೆ ಕೈ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳುತ್ತಿದೆ ಅಲ್ವಾ? ಫ್ಯಾನಿನ ಸದ್ದು ಸ್ವಲ್ಪ ಜಾಸ್ತಿ ಇದೆ, ಆದರೆ ಉಡುಪಿಯ ಈ ಸೆಕೆಯಲ್ಲಿ ಅದನ್ನು ನಿಲ್ಲಿಸಿ ಅಂತ ಹೇಳುವ ಧೈರ್ಯ ನನಗಿಲ್ಲ.

ಮನೆ ತೋಟದ ಮಣ್ಣಿನ ಪಿಎಚ್ ಇಳಿಸುವುದು ಹೇಗೆ ಅಂತ ಮಾತಾಡಲು ಕರೆದಿದ್ದಾರೆ. ಪಿಎಚ್ ಅಂದರೆ ಹುಳಿ, ಕ್ಷಾರದ ಅಳತೆ. 7 ಅಂದರೆ ತಟಸ್ಥ, ಅದಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ. ಫೋನಿನಲ್ಲಿ ಕೇಳಿದಾಗಲೇ ನಕ್ಕುಬಿಟ್ಟೆ. ನಮ್ಮ ಊರಲ್ಲಿ ಇದು ಕಡಲಿಗೆ ಉಪ್ಪು ಹಾಕುವುದು ಹೇಗೆ ಅಂತ ಕೇಳಿದ ಹಾಗೆ. ನಮ್ಮದು ಮುರಕಲ್ಲಿನ ನೆಲ. ವರ್ಷಕ್ಕೆ 3,500ರಿಂದ 4,000 ಮಿ.ಮೀ. ಮಳೆ ಸುರಿಯುತ್ತದೆ. ಅಷ್ಟು ನೀರು ಸಾವಿರಾರು ವರ್ಷ ಸುರಿದು ಸುರಿದು ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ಹೊಳೆಗೆ, ಹೊಳೆಯಿಂದ ಕಡಲಿಗೆ ಹಾಕಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಆ ಕೆಂಪು ಬಣ್ಣ ಕಬ್ಬಿಣದ ತುಕ್ಕಿನದ್ದೇ. ಹಾಗಾಗಿ ನಮ್ಮ ಗುಡ್ಡೆ ಮಣ್ಣು ಮೊದಲೇ ಹುಳಿ, ಪಿಎಚ್ 5, 5.5ರ ಆಸುಪಾಸು. ಅಡಿಕೆ ತೋಟದವರಿಗೆ ಕೃಷಿ ಅಧಿಕಾರಿಗಳು ಸುಣ್ಣ ಹಾಕಿ ಅಂತ ಹೇಳುವುದು ಸುಮ್ನೆ ಅಲ್ಲ.

ಹಾಗಾದರೆ ಇವತ್ತಿನ ಮಾತು ಯಾಕೆ? ಯಾಕೆಂದರೆ ಮನೆಯ ಸುತ್ತ ಇರುವ ಮಣ್ಣು ಗುಡ್ಡೆಯ ಮಣ್ಣಲ್ಲ. ಅದು ನಾವು ಕೆಡಿಸಿದ ಮಣ್ಣು.

ನನ್ನ ಮನೆಯದ್ದೇ ಕಥೆ ಹೇಳುತ್ತೇನೆ. ಕಾಂಪೌಂಡ್ ಗೋಡೆಯ ಪಕ್ಕ ನಾಲ್ಕು ಕೇಪುಳ ನೆಟ್ಟಿದ್ದೆ. ಕೇಪುಳ ಅಂದರೆ ಯಾರೂ ನೀರು ಹಾಕದೆ, ಗೊಬ್ಬರ ಹಾಕದೆ, ಪಾದೆಯ ಸಂದಿನಲ್ಲಿ ಕೆಂಪಗೆ ಅರಳುವ ಗಿಡ. ಅಂಥದ್ದು ನನ್ನ ಅಂಗಳದಲ್ಲಿ, ದಿನಾ ಎರಡು ಕೊಡಪಾನ ನೀರು ಕುಡಿದುಕೊಂಡು, ಹಳದಿ ಹಳದಿ ಆಯಿತು. ಹೊಸ ಚಿಗುರು ಎಲ್ಲ ಹಳದಿ, ನರ ಮಾತ್ರ ಹಸಿರು. ಎಲೆಯ ಮೇಲೆ ಯಾರೋ ಹಸಿರು ಪೆನ್ನಿನಲ್ಲಿ ಗೀಟು ಎಳೆದ ಹಾಗೆ. ಆ ಚಿತ್ರವನ್ನು ನೆನಪಿಟ್ಟುಕೊಳ್ಳಿ. ಹೊಸ ಎಲೆ ಹಳದಿ, ನರ ಹಸಿರು ಅಂದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಹಳೆಯ ಎಲೆಗಳು ಮೊದಲು ಹೀಗೆ ಆದರೆ ಅದು ಹೆಚ್ಚಾಗಿ ಮೆಗ್ನೀಷಿಯಂ ಕೊರತೆ. ಹಳೆಯ ಎಲೆ ನರ ಸಮೇತ ಪೂರ್ತಿ ಹಳದಿಯಾದರೆ ಸಾರಜನಕ ಕಡಿಮೆ, ಇಲ್ಲವೇ ಬುಡದಲ್ಲಿ ನೀರು ನಿಂತಿದೆ. ಈ ಕೊನೆಯ ಮೂರಕ್ಕೂ ಪಿಎಚ್ ಇಳಿಸುವುದು ಮದ್ದಲ್ಲ.

ಕಬ್ಬಿಣದ ಮೇಲೆಯೇ ಕೂತ ಊರಲ್ಲಿ ಕಬ್ಬಿಣ ಸಿಗುತ್ತಿಲ್ಲ ಅಂದರೆ ಎಂತದು ಮಾರಾಯ್ರೆ? ಮಣ್ಣಿನಲ್ಲಿ ಇದೆ, ಆದರೆ ಪಿಎಚ್ 7 ದಾಟಿತು ಅಂದರೆ ಅದು ನೀರಿನಲ್ಲಿ ಕರಗುವುದೇ ಇಲ್ಲ. ಬೇರು ಹೀರುವುದು ಕರಗಿದ್ದನ್ನು ಮಾತ್ರ. ಉಗ್ರಾಣ ತುಂಬ ಅಕ್ಕಿ, ಬಾಗಿಲಿಗೆ ಬೀಗ.

ಹಾರೆ ತಂದು ಅಗೆದೆ. ಒಂದು ಗೇಣು ಕೆಳಗೆ ಮನೆ ಕಟ್ಟಿದಾಗಿನ ಇಡೀ ಇತಿಹಾಸ ಸಿಕ್ಕಿತು. ಗಾರೆಯ ಚೂರು, ಗಟ್ಟಿಯಾದ ಸಿಮೆಂಟಿನ ಉಂಡೆ, ಅರ್ಧ ಹರಿದ ಚೀಲ, ಮೇಸ್ತ್ರಿಗಳು ತಿಂದ ಬೀಡದ ಸುಣ್ಣದ ಡಬ್ಬಿ ಕೂಡ. ಕೆಲಸ ಮಾಡಿಸಿದವರು ಉಳಿದದ್ದನ್ನೆಲ್ಲ ಅಲ್ಲೇ ತಳ್ಳಿ ಮೇಲೆ ಎರಡು ಬುಟ್ಟಿ ಕೆಂಪು ಮಣ್ಣು ಹರಡಿದ್ದರು, ನೋಡಲು ಚಂದ ಕಾಣುತ್ತಿತ್ತು. ಒಂದು ಚಮಚ ಆ ಮಣ್ಣನ್ನು ಒಣಗಿಸಿ ಬಟ್ಟಲಿಗೆ ಹಾಕಿ ಅಡುಗೆಮನೆಯ ವಿನೆಗರ್ ಬಿಟ್ಟೆ. ಸೋಡಾ ಬಾಟಲಿ ತೆರೆದ ಹಾಗೆ ನೊರೆ ಎದ್ದಿತು.

ಆ ನೊರೆ ಬಂತು ಅಂದರೆ ಮಣ್ಣಲ್ಲಿ ಸುಣ್ಣ ಇದೆ, ಪಿಎಚ್ ಇಳಿಸಲು ಹಾಕುವ ಗಂಧಕದ ಯೋಚನೆ ಬಿಟ್ಟುಬಿಡಿ. ಯಾಕೆ ಅಂತ ಒಂದು ಲೆಕ್ಕ ಮಾಡೋಣ, ಸಣ್ಣ ಲೆಕ್ಕ. ಒಂದು ಚದರ ಮೀಟರ್ ಜಾಗ, 15 ಸೆಂಟಿಮೀಟರ್ ಆಳ ಅಂದರೆ ಸುಮಾರು 200 ಕಿಲೋ ಮಣ್ಣು. ಅದರಲ್ಲಿ ನೂರಕ್ಕೆ ಒಂದು ಪಾಲು ಸುಣ್ಣ ಇದೆ ಅಂತ ಇಟ್ಟುಕೊಳ್ಳಿ, 2 ಕಿಲೋ ಆಯಿತು. ಒಂದು ಕಿಲೋ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಮುಗಿಸಲು 320 ಗ್ರಾಂ ಗಂಧಕ ಬೇಕು. ಎರಡು ಕಿಲೋಗೆ 640 ಗ್ರಾಂ. ಒಂದು ಚದರ ಮೀಟರಿಗೆ ಒಂದು ಸಲಕ್ಕೆ ಧೈರ್ಯವಾಗಿ ಹಾಕಬಹುದಾದದ್ದು ಹೆಚ್ಚೆಂದರೆ 100 ಗ್ರಾಂ. ಅಂದರೆ ಸುಣ್ಣ ಮುಗಿಯುವ ತನಕ ಪಿಎಚ್ ಇದ್ದಲ್ಲಿಂದ ಅಲ್ಲಾಡುವುದಿಲ್ಲ, ನೀವು ವರ್ಷ ವರ್ಷ ಗಂಧಕ ಹಾಕುತ್ತಲೇ ಇರಬೇಕು. ಅದರ ಬದಲು ಮಣ್ಣನ್ನೇ ತೆಗೆಯಿರಿ. ನಾನು ಅದನ್ನೇ ಮಾಡಿದೆ. ಒಂದೂವರೆ ಅಡಿ ಆಳ ತೆಗೆದು ಗುಡ್ಡೆ ಮಣ್ಣು, ತರಗೆಲೆ ಗೊಬ್ಬರ ತುಂಬಿದೆ. ಎರಡು ತಿಂಗಳಿಗೆ ಬಂದ ಚಿಗುರು ಹಸಿರೇ ಇತ್ತು. ಖರ್ಚು ಸೊಂಟ ನೋವು ಮಾತ್ರ.

ಗಾರೆ ಒಂದೇ ಅಲ್ಲ. ಬಚ್ಚಲೊಲೆಯ ಬೂದಿ ಎಲ್ಲಿ ಹಾಕುತ್ತೀರಿ ಅಂತ ಯೋಚಿಸಿ. ತೆಂಗಿನ ಸಿಪ್ಪೆ, ಮಡಲು, ಗೆರಟೆ ಉರಿಸಿದ ಬೂದಿ. ಅದರಲ್ಲಿ ಪೊಟ್ಯಾಷ್ ಇದೆ, ಬಸಳೆ ಬುಡಕ್ಕೆ ಒಂದು ಹಿಡಿ ಒಳ್ಳೆಯದೇ. ಆದರೆ ಬೂದಿ ಗಟ್ಟಿ ಕ್ಷಾರ. ಇಪ್ಪತ್ತು ವರ್ಷ ದಿನಾ ಒಂದೇ ಗಿಡದ ಬುಡಕ್ಕೆ ಸುರಿದರೆ ಅಲ್ಲಿ ಗುಡ್ಡೆ ಮಣ್ಣಿನ ಗುಣ ಉಳಿದಿರುವುದಿಲ್ಲ. ಮರುವಾಯಿ ಸುಕ್ಕ ಮಾಡಿದ ದಿನ ಚಿಪ್ಪು ಎಲ್ಲಿ ಹೋಗುತ್ತದೆ? ತೆಂಗಿನ ಬುಡಕ್ಕೆ. ಹೋಗಲಿ, ತೆಂಗಿಗೆ ಬೇಜಾರಿಲ್ಲ. ಗಂಧರಾಜದ ಬುಡಕ್ಕೆ ಮಾತ್ರ ಬೇಡ. ಮಲ್ಪೆ, ಪಣಂಬೂರು ಕಡೆ ಕಡಲ ಬದಿಯಲ್ಲಿ ಇರುವವರ ಮರಳಿನಲ್ಲಿ ಚಿಪ್ಪಿನ ಪುಡಿ ಮೊದಲೇ ಬೆರೆತಿರುತ್ತದೆ, ಅವರು ವಿನೆಗರ್ ಪರೀಕ್ಷೆ ಮಾಡಲೇಬೇಕು. ಹೊಸ ಸಿಮೆಂಟ್ ಕುಂಡವನ್ನು ಎರಡು ಮೂರು ವಾರ ನೀರಲ್ಲಿ ನೆನೆಸಿ, ನೀರು ಬದಲಾಯಿಸುತ್ತಾ ಇರಿ. ಕುಂಡದ ತಳಕ್ಕೆ ಒಡೆದ ಮಂಗಳೂರು ಹಂಚು ಹಾಕಬಹುದಾ ಅಂತ ಕೇಳುತ್ತಾರೆ. ಧಾರಾಳ ಹಾಕಿ, ಅದು ಸುಟ್ಟ ಜೇಡಿ, ಸುಣ್ಣ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ನಮ್ಮ ಹಿತ್ತಿಲಲ್ಲಿ ಹಂಚಿನ ಚೂರಿಗೇನು ಕಮ್ಮಿಯಿಲ್ಲ.

ಇನ್ನು ಅಳತೆ. ಅಳೆಯದೆ ಏನನ್ನೂ ಹಾಕಬೇಡಿ. ಪಿಎಚ್ ಅನ್ನುವ ಲೆಕ್ಕ ತಂದವರು ಸೊರೆನ್ಸೆನ್, 1909ರಲ್ಲಿ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಹೌದು, ಬಿಯರ್ ಕಂಪೆನಿಯದ್ದೇ. ಈ ಲೆಕ್ಕದಲ್ಲಿ ಒಂದು ಮೆಟ್ಟಿಲು ಅಂದರೆ ಹತ್ತು ಪಟ್ಟು. 7ರಿಂದ 6ಕ್ಕೆ ಇಳಿದರೆ ಹುಳಿ ಹತ್ತು ಪಟ್ಟು, 5ಕ್ಕೆ ಇಳಿದರೆ ನೂರು ಪಟ್ಟು. "ಒಂದೆರಡು ಪಾಯಿಂಟ್ ಇಳಿಸೋಣ" ಅಂತ ಸಲೀಸಾಗಿ ಹೇಳುವವರು ಇದನ್ನು ಮರೆಯುತ್ತಾರೆ.

ಎರಡು ಮುಳ್ಳು ಇರುವ ಅಗ್ಗದ ಮೀಟರ್ ಚುಚ್ಚಿ ನೋಡುವುದು ನನಗೆ ನಂಬಿಕೆ ಇಲ್ಲ. ನನ್ನ ಹತ್ತಿರ ಒಂದಿತ್ತು, ಮಜ್ಜಿಗೆಯಲ್ಲಿ ಅದ್ದಿದರೂ 7 ತೋರಿಸುತ್ತಿತ್ತು. ಪಿಎಚ್ ತೋರಿಸುವ ಕಾಗದದ ಪಟ್ಟಿ ತನ್ನಿ. ಗಿಡದ ಸುತ್ತ ನಾಲ್ಕೈದು ಕಡೆ, ಒಂದು ಗೇಣು ಆಳದಿಂದ ಮಣ್ಣು ತೆಗೆದು ಬೆರೆಸಿ ನೆರಳಲ್ಲಿ ಒಣಗಿಸಿ. 20 ಗ್ರಾಂ ಮಣ್ಣಿಗೆ 50 ಮಿ.ಲೀ. ನೀರು, ಆಗಾಗ ಕದಡಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯಲ್ಲಿ ಪಟ್ಟಿ ಅದ್ದಿ. ನಲ್ಲಿ ನೀರು, ಬೋರ್ ನೀರು ಬೇಡ, ಅದರ ಗುಣವೇ ಸೇರಿಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ, ಆದರೆ ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ, ಬಾಟಲಿ ನೋಡಿ ತನ್ನಿ. ಸರಿಯಾದ ಸಂಖ್ಯೆ ಬೇಕು ಅಂದರೆ ಉಡುಪಿಯವರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಮಂಗಳೂರಿನವರು ಕಂಕನಾಡಿಯದರಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ.

6.5ಕ್ಕಿಂತ ಕೆಳಗೆ ಬಂದರೆ ಸುಮ್ಮನಿರಿ. ಮಲ್ಲಿಗೆ, ಗುಳ್ಳ, ಬಸಳೆ, ಅಲಸಂಡೆ ಇವೆಲ್ಲ 6ರಿಂದ 7ರ ಒಳಗೆ ಆರಾಮ. ಕೇಪುಳ, ಗಂಧರಾಜ, ಅನಾನಸು ಇವಕ್ಕೆ ಮಾತ್ರ 5ರಿಂದ 6 ಇಷ್ಟ. ಈಗಾಗಲೇ 5 ಇರುವ ಮಣ್ಣನ್ನು ಇನ್ನೂ ಇಳಿಸಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ, ರಂಜಕ ಮಣ್ಣಿಗೇ ಅಂಟಿ ಕೂರುತ್ತದೆ. ಆಮೇಲೆ ಸುಣ್ಣ ತರಲು ಓಡಬೇಕು.

ಆಯಿತು, ಅಗೆದು ನೋಡಿದಿರಿ, ನೊರೆ ಬರಲಿಲ್ಲ, ಬೂದಿ ನಿಲ್ಲಿಸಿದಿರಿ, ಆದರೂ ಪಟ್ಟಿ 7.3 ತೋರಿಸುತ್ತಿದೆ. ಈಗ ಗಂಧಕ. ಗಂಧಕ ತಾನಾಗಿ ಹುಳಿ ಅಲ್ಲ. ಮಣ್ಣಿನಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ತಿಂದು ಗಂಧಕಾಮ್ಲ ಮಾಡುತ್ತವೆ. ಅವಕ್ಕೆ ಬೆಚ್ಚಗೆ ಬೇಕು, ಹಸಿ ಬೇಕು, ಗಾಳಿಯೂ ಬೇಕು. ಬೆಚ್ಚಗೆ ನಮ್ಮಲ್ಲಿ ವರ್ಷವಿಡೀ ಇದೆ. ಆದರೆ ಜೂನ್, ಜುಲೈಯಲ್ಲಿ ಮಣ್ಣು ಕೆಸರಾಗಿ ಗಾಳಿ ಆಡುವುದಿಲ್ಲ, ಹಾಕಿದ ಪುಡಿ ಮಳೆ ನೀರಲ್ಲಿ ತೇಲಿ ಪಕ್ಕದ ಮನೆಗೆ ಹೋಗುತ್ತದೆ. ನೀರು ನಿಂತ ಕುಂಡದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೂ ಬರಬಹುದು. ಮಳೆ ಕಮ್ಮಿಯಾದ ಮೇಲೆ, ಅಕ್ಟೋಬರ್ ಹೊತ್ತಿಗೆ, ಹಾಕುವುದು ನನ್ನ ರೂಢಿ.

ಎಷ್ಟು? ಪಿಎಚ್ ಒಂದು ಮೆಟ್ಟಿಲು ಇಳಿಯಲು ಮರಳು ಮಣ್ಣಿಗೆ ಚದರ ಮೀಟರಿಗೆ 50 ಗ್ರಾಂ, ಹದ ಮಣ್ಣಿಗೆ 75, ಜೇಡಿಗೆ 100. ಇದರಲ್ಲೂ ಅರ್ಧ ಹಾಕಿ ಮೂರು ತಿಂಗಳು ಕಾದು ಮತ್ತೆ ಅಳೆಯಿರಿ. ಮೇಲಿನ ಒಂದು ಗೇಣು ಮಣ್ಣಿಗೆ ಬೆರೆಸಿ, ಕಾಂಡಕ್ಕೆ ತಾಗಿಸಬೇಡಿ. ಹನ್ನೆರಡು ಇಂಚಿನ ಕುಂಡಕ್ಕೆ ಈ ಲೆಕ್ಕದಲ್ಲಿ ಎಷ್ಟು ಬರುತ್ತದೆ ಗೊತ್ತಾ? 4, 5 ಗ್ರಾಂ. ಒಂದು ಟೀ ಚಮಚ, ಅದೂ ಬೆರಳಲ್ಲಿ ಸವರಿ ಸಮ ಮಾಡಿದ್ದು.

ಆ ಚಮಚದ ಬೆಲೆ ನನಗೆ ತಡವಾಗಿ ಗೊತ್ತಾಯಿತು. ಅರ್ಧ ಡ್ರಮ್ಮಿನಲ್ಲಿ ಒಂದು ಗಂಧರಾಜ ಇತ್ತು, ಹೆಂಡತಿಯ ತವರಿನಿಂದ ಬಂದದ್ದು. ಅಂಗಡಿಯಲ್ಲಿ ಕೇಳಿದರೆ "ಒಂದು ಹಿಡಿ ಹಾಕಿ" ಅಂದರು. ಹಾಕಿದೆ. ವಾರ ಕಳೆದರೂ ಏನೂ ಆಗಲಿಲ್ಲ. ಇನ್ನೊಂದು ಹಿಡಿ ಹಾಕಿದೆ. ಬ್ಯಾಕ್ಟೀರಿಯಾಗಳಿಗೆ ನನ್ನ ಅವಸರ ಎಲ್ಲಿ ಅರ್ಥವಾಗಬೇಕು, ಅವು ತಮ್ಮ ಪಾಡಿಗೆ ನಿಧಾನವಾಗಿ ತಿನ್ನುತ್ತಿದ್ದವು. ಎರಡು ತಿಂಗಳಿಗೆ ಎಲೆಯ ಅಂಚು ಸುಟ್ಟಿತು, ಮೊಗ್ಗು ಉದುರಿತು, ಪಟ್ಟಿ ಅದ್ದಿದರೆ 4ಕ್ಕಿಂತ ಕೆಳಗೆ. ಗಿಡ ಹೋಯಿತು. ತವರಿನ ಗಿಡ ಅಂತ ಈಗಾಗಲೇ ಹೇಳಿದ್ದೇನೆ, ಮುಂದಿನದ್ದನ್ನು ನೀವೇ ಊಹಿಸಿಕೊಳ್ಳಿ.

ಗಂಧಕದ ಪುಡಿ ಕಣ್ಣಿಗೆ ಉರಿ. ಗಾಳಿ ಇಲ್ಲದ ಹೊತ್ತು ನೋಡಿ, ಮಾಸ್ಕ್, ಕನ್ನಡಕ ಹಾಕಿ. ಅದು ಬೆಂಕಿ ಹಿಡಿಯುವ ವಸ್ತು, ಪಟಾಕಿಗೆ ಹಾಕುವುದೂ ಇದನ್ನೇ. ಡಬ್ಬವನ್ನು ಬಚ್ಚಲೊಲೆಯ ಹತ್ತಿರ ಇಡಬೇಡಿ, ಉರಿದರೆ ಬರುವ ಹೊಗೆ ಎದೆ ಕಟ್ಟುತ್ತದೆ.

ಬೇರೆ ಮದ್ದುಗಳ ಬಗ್ಗೆ ಚೀಟಿ ಬಂದಿದೆ. ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಹಳದಿ ಎಲೆಗೆ ಬೇಗ ಹಸಿರು ತರುತ್ತದೆ. ಆದರೆ ಪಿಎಚ್ ಇಳಿಸಲು ಗಂಧಕಕ್ಕಿಂತ ಎಂಟು ಪಟ್ಟು ತೂಕ ಬೇಕು, ಅಂಗಳದ ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಅಲ್ಯೂಮಿನಿಯಂ ಸಲ್ಫೇಟ್ ತಕ್ಷಣ ಇಳಿಸುತ್ತದೆ, ಆದರೆ ನಮ್ಮ ಮಣ್ಣಿಗೆ ಇನ್ನೂ ಅಲ್ಯೂಮಿನಿಯಂ ಯಾಕೆ? ಜಿಪ್ಸಂ ಪಿಎಚ್ ಇಳಿಸುವುದಿಲ್ಲ, ಅದರ ಕೆಲಸ ಬೇರೆ. ಕೊಳೆರೋಗಕ್ಕೆ ತಂದ ಮೈಲುತುತ್ತು ಮನೆಯಲ್ಲಿ ಉಳಿದಿದೆ, ಅದೂ ಸಲ್ಫೇಟೇ ಅಲ್ವಾ ಅಂತ ಒಬ್ಬರು ಕೇಳಿದ್ದಾರೆ. ದಯವಿಟ್ಟು ಬೇಡ, ತಾಮ್ರ ಮಣ್ಣಲ್ಲೇ ಉಳಿದು ವಿಷವಾಗುತ್ತದೆ. ಬ್ಯಾಟರಿ ಆಸಿಡ್ ವಿಷಯ ಮಾತಾಡುವುದೇ ಇಲ್ಲ.

ವಿನೆಗರ್, ನಿಂಬೆ, ಹುಳಿ ಮಜ್ಜಿಗೆ, ಪುನರ್ಪುಳಿ ಸಿಪ್ಪೆ? ನಾಲ್ಕು ದಿನದ ಆಟ. ಕೊಳೆತ ಮೇಲೆ ಹುಳಿಯೂ ಹೋಗುತ್ತದೆ. ಪುನರ್ಪುಳಿಯನ್ನು ಶರಬತ್ತು ಮಾಡಿ. ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಅನ್ನುವುದೂ ದೊಡ್ಡ ನಂಬಿಕೆ. ಹುಳಿ ಎಲ್ಲ ಲೋಟಕ್ಕೆ ಇಳಿದಿರುತ್ತದೆ, ಚರಟ ಹೆಚ್ಚುಕಡಿಮೆ ತಟಸ್ಥ. ಗೊಬ್ಬರದ ಗುಂಡಿಗೆ ಹಾಕಿ, ಎರೆಹುಳಕ್ಕೆ ಖುಷಿ.

ನಾನು ಜಾಸ್ತಿ ನಂಬುವುದು ನೀರನ್ನು. ಬೋರ್ ನೀರು ಬಿಸಿ ಮಾಡಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆಯಾ? ಹಾಗಿದ್ದರೆ ಆ ನೀರು ದಿನಾ ಕುಂಡಕ್ಕೆ ಸುಣ್ಣ ತುಂಬುತ್ತಿದೆ, ನೀವು ಹಾಕಿದ ಗಂಧಕವನ್ನು ದಿನಾ ಅಳಿಸುತ್ತಿದೆ. ಕುಂಡದ ಗಿಡಕ್ಕೆ ಮಳೆ ನೀರು ಹಿಡಿದಿಡಿ. ಬೇಸಿಗೆಯಲ್ಲಿ ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು ಇದೆಯಲ್ಲ, ಅದರಲ್ಲಿ ಸುಣ್ಣವೇ ಇಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಯ ಏಸಿಗೆ ರಾತ್ರಿ ಬಕೆಟ್ ಇಟ್ಟರೆ ಬೆಳಿಗ್ಗೆಗೆ ಅರ್ಧ ತುಂಬಿರುತ್ತದೆ. ಎರಡು ಗಂಧರಾಜಕ್ಕೆ ಸಾಕು. ಹೌದು, ಮತ್ತೆ ತಂದು ನೆಟ್ಟಿದ್ದೇನೆ, ಈ ಸಲ ನರ್ಸರಿಯಿಂದ.

ಬ್ಲೂಬೆರಿ ಬೆಳೆಸಲು ಪಿಎಚ್ 4.5 ಮಾಡುವುದು ಹೇಗೆ ಅಂತ ಕೊನೆಯ ಚೀಟಿ. ಮಾಡಬಹುದು, ಆದರೆ ಆ ಗಿಡಕ್ಕೆ ಚಳಿಯೂ ಬೇಕು. ಚಳಿಯನ್ನು ಯಾವ ಅಂಗಡಿಯಿಂದ ತರುತ್ತೀರಿ? ಅದೇ ಮಣ್ಣಿನಲ್ಲಿ ಅನಾನಸು ನೆಡಿ.

ಮಣ್ಣು ತನ್ನಿ ಅಂತ ಹೇಳಿದ್ದೆ, ಸುಮಾರು ಜನ ಚೀಲ ಹಿಡಿದುಕೊಂಡೇ ಬಂದಿದ್ದೀರಿ. ಈ ಮೇಜಿನ ಮೇಲೆ ವಿನೆಗರ್ ಇದೆ, ಪಟ್ಟಿ ಇದೆ, ನಮ್ಮ ಏಸಿ ನೀರೂ ಎರಡು ಬಾಟಲಿ ಇದೆ. ಒಬ್ಬೊಬ್ಬರಾಗಿ ಬನ್ನಿ. ಗೋಡೆ ಪಕ್ಕದ ಮಣ್ಣು ತಂದವರು ಮೊದಲು.