ದೀಕ್ಷಾಸ್ನಾನ ಆದ ಮೇಲೆ

ಕೇಳುಗರಿಗೆ ನಮಸ್ಕಾರ.

ಪುಣೆಯಿಂದ ಸೊಲ್ಲಾಪುರ, ಕಲಬುರಗಿ ಕಡೆಗೆ ಹೋಗುವ ರೈಲಿನಲ್ಲಿ ನಾವು ಕನ್ನಡದವರು ಬಹಳ ಜನ ಓಡಾಡುತ್ತೇವೆ. ದೌಂಡ್ ಬರುವ ಮೊದಲು ಕೇಡಗಾಂವ್ ಅಂತ ಒಂದು ಸ್ಟೇಷನ್ ಸಿಗುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರುವುದು ಅಲ್ಲೇ. ಹೆಚ್ಚಿನವರು ರಮಾಬಾಯಿಯವರನ್ನು ವಿಧವೆಯರಿಗೆ ಆಸರೆ ಕೊಟ್ಟ ಸಮಾಜ ಸುಧಾರಕಿ ಎಂದು ಬಲ್ಲರು. ಅದು ನಿಜ. ಆದರೆ ಇವತ್ತು ನಾನು ಅವರ ನಂಬಿಕೆಯ ಬಗ್ಗೆ ಮಾತಾಡಬೇಕು.

ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಆ ಕಾಲದಲ್ಲೇ ಹೆಂಡತಿಗೆ ಸಂಸ್ಕೃತ ಕಲಿಸಿದವರು. ತಾಯಿ ಮಗಳಿಗೆ ಕಲಿಸಿದರು. ಬರಗಾಲದಲ್ಲಿ ತಂದೆ, ತಾಯಿ ಇಬ್ಬರೂ ತೀರಿಕೊಂಡರು. ಮದುವೆಯಾಗಿ ಎರಡು ವರ್ಷವೂ ತುಂಬುವ ಮೊದಲು ಗಂಡ ಹೋದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ರಮಾಬಾಯಿ ಪುಟ್ಟ ಮಗಳು ಮನೋರಮಾ ಜೊತೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು.

ನಮ್ಮ ಕ್ರೈಸ್ತರಲ್ಲಿ ಯಾರಾದರೂ ಈ ಕಥೆ ಹೇಳಿದರೆ ಇಲ್ಲಿಗೆ ನಿಲ್ಲಿಸಿ ‘ಕರ್ತನಿಗೆ ಸ್ತೋತ್ರ’ ಅಂದುಬಿಡುತ್ತಾರೆ. ನನಗೆ ಮಾತ್ರ ಮುಂದಿನ ವರ್ಷಗಳೇ ಮುಖ್ಯ. ದೀಕ್ಷಾಸ್ನಾನ ಆದ ಮೇಲೂ ರಮಾಬಾಯಿ ಕೇಳುವುದನ್ನು ಬಿಡಲಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ ತ್ರಯೇಕತ್ವದ ಬಗ್ಗೆ, ಕ್ರೈಸ್ತ ಸಭೆಯ ಅಧಿಕಾರದ ಬಗ್ಗೆ ವಾಂಟೇಜ್‌ನಲ್ಲಿ ತಮ್ಮನ್ನು ಸಾಕಿ ಸಲಹಿದ ಸಿಸ್ಟರ್‌ಗಳ, ಅಂದರೆ ಕ್ರೈಸ್ತ ಸನ್ಯಾಸಿನಿಯರ ಜೊತೆಗೇ ಪತ್ರದಲ್ಲಿ ವಾದ ಮಾಡಿದರು. ಪುರೋಹಿತರ ಒಂದು ನೊಗ ಇಳಿಸಿ ಬಂದಿದ್ದೇನೆ, ಇನ್ನೊಂದು ನೊಗಕ್ಕೆ ಕೊರಳು ಕೊಡಲಾರೆ ಎಂಬರ್ಥದಲ್ಲಿ ಬರೆದರು. ಮಾಂಸ ತಿನ್ನಲಿಲ್ಲ. ಯಾರೋ ಹೇಳಿದರು ಅಂತ ಸುಮ್ನೆ ತಲೆಯಾಡಿಸುವ ಹೆಂಗಸಲ್ಲ ಅವರು. ಎಷ್ಟೋ ವರ್ಷಗಳ ನಂತರ ತಮ್ಮ ಸಾಕ್ಷಿಯಲ್ಲಿ, ಅಂದರೆ ತಮ್ಮ ನಂಬಿಕೆಯ ಅನುಭವ ಹೇಳುವ ಬರಹದಲ್ಲಿ, ಹೀಗೆ ಹೇಳಿಕೊಂಡರು: ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷದ ಮೇಲೆ ತಿಳಿಯಿತು, ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಆದರೆ ಕ್ರಿಸ್ತನು ಇನ್ನೂ ಸಿಕ್ಕಿರಲಿಲ್ಲ.

ಎಂಟು ವರ್ಷ! ಆಗಲೇ ಅವರು 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದಿದ್ದರು, ಮರುವರ್ಷ ಅದನ್ನು ಪುಣೆಗೆ ತಂದಿದ್ದರು. ಹೆಸರಿತ್ತು, ಕೆಲಸವಿತ್ತು. ಅಂಥವರೇ ‘ಇನ್ನೂ ಸಿಕ್ಕಿಲ್ಲ’ ಅನ್ನಬೇಕಾದರೆ ಎಷ್ಟು ಪ್ರಾಮಾಣಿಕತೆ ಬೇಕು, ಅಲ್ವಾ?

ನಮ್ಮ ಭಾನುವಾರದ ಆರಾಧನೆಯನ್ನು ನೆನಪಿಸಿಕೊಳ್ಳಿ. ಸಾಕ್ಷಿ ಹೇಳುವ ಹೊತ್ತು ಬಂದಾಗ ಮಗನಿಗೆ ಕೆಲಸ ಸಿಕ್ಕಿತು, ಪಿಂಪ್ರಿಯಲ್ಲಿ ಫ್ಲ್ಯಾಟ್ ಆಯಿತು, ಜ್ವರ ಬಿಟ್ಟಿತು ಅನ್ನುತ್ತೇವೆ. ಸಂತೋಷವೇ, ಹೇಳಲೇಬೇಕು. ಆದರೆ ಅದೇ ಸಭೆಯ ಹಿಂದಿನ ಸಾಲಿನಲ್ಲಿ ಪ್ರಾರ್ಥಿಸಿಯೂ ಮಗುವನ್ನು ಕಳೆದುಕೊಂಡ ತಾಯಿ ಕೂತಿರುತ್ತಾಳೆ. ಅವಳು ಎದ್ದು ಏನು ಹೇಳಬೇಕು? ಅವಳಿಗೆ ನಾವು ‘ನಂಬಿಕೆ ಜಾಸ್ತಿ ಮಾಡಿಕೊಳ್ಳಮ್ಮ’ ಅಂತ ಹೇಳಿ ಕಳಿಸುತ್ತೇವೆ. ಇದು ನನಗೆ ನೋವು ಕೊಡುತ್ತದೆ. ಸತ್ಯವೇದದ, ಅಂದರೆ ಬೈಬಲ್ಲಿನ, ಹದಿಮೂರನೆಯ ಕೀರ್ತನೆಯವನು ‘ಎಷ್ಟು ದಿನ ನನ್ನನ್ನು ಮರೆತಿರುತ್ತೀ’ ಅಂತ ದೇವರನ್ನೇ ಕೇಳುತ್ತಾನೆ. ಆ ಕೂಗನ್ನು ಸತ್ಯವೇದ ಅಳಿಸಲಿಲ್ಲ, ಹಾಡಾಗಿ ಉಳಿಸಿಕೊಂಡಿತು. ಆ ತಾಯಿಯ ಮೌನವೂ ಸಾಕ್ಷಿಯೇ.

ಸತ್ಯವೇದದಲ್ಲೇ ಇಬ್ರಿಯರಿಗೆ ಬರೆದ ಪತ್ರದಲ್ಲಿ ಒಂದು ಬೈಗುಳವಿದೆ. ಇಷ್ಟು ಹೊತ್ತಿಗೆ ನೀವು ಬೋಧಕರಾಗಿರಬೇಕಿತ್ತು, ಇನ್ನೂ ಹಾಲನ್ನೇ ಕುಡಿಯುತ್ತಿದ್ದೀರಿ, ಗಟ್ಟಿ ಊಟ ಬೇಡವೇ ಎಂದು. ನಾನು ಓದಿದಾಗಲೆಲ್ಲ ರಮಾಬಾಯಿಯವರ ಗಟ್ಟಿ ಊಟ ಯಾವುದಾಗಿತ್ತು ಎಂದು ಯೋಚಿಸುತ್ತೇನೆ. 1896–97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ತಾವೇ ಹಸಿದು ಅಲೆದವರು ಅಲ್ಲಿಗೆ ಹೋಗಿ ನೂರಾರು ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ಕೇಡಗಾಂವ್‌ನ ಜಮೀನಿನಲ್ಲಿ ಅವರಿಗೆ ಅನ್ನ, ಅಕ್ಷರ, ಕಸುಬು ಎಲ್ಲ ಸಿಕ್ಕಿತು. ಆಮೇಲೆ ಹೀಬ್ರೂ, ಗ್ರೀಕ್ ಕಲಿತು, ಸಾಮಾನ್ಯ ಹೆಂಗಸರಿಗೂ ಅರ್ಥವಾಗುವ ಮರಾಠಿಯಲ್ಲಿ ಸತ್ಯವೇದವನ್ನು ಅನುವಾದ ಮಾಡಲು ಕೂತರು. 1921ರಲ್ಲಿ ಮನೋರಮಾ ತೀರಿಕೊಂಡಳು. ಇದ್ದ ಒಬ್ಬಳೇ ಮಗಳು. ರಮಾಬಾಯಿ ಕೆಲಸ ನಿಲ್ಲಿಸಲಿಲ್ಲ. 1922ರ ಏಪ್ರಿಲ್‌ನಲ್ಲಿ ಅವರೂ ಹೋದರು. 1924ರಲ್ಲಿ ಆ ಸತ್ಯವೇದ ಹೊರಬಂತು.

ಪ್ರಶ್ನೆ ಕೇಳಿದ್ದಕ್ಕೆ ಅವರ ನಂಬಿಕೆ ಸಾಯಲಿಲ್ಲ. ಕೇಳಿ ಕೇಳಿಯೇ ಅದು ಅವರದ್ದಾಯಿತು ಎಂದು ನಾನು ನಂಬುತ್ತೇನೆ.

ಅದಕ್ಕೇ ಸಭಾಪಾಲಕರಲ್ಲಿ, ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ. ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಸಭೆಯ ಮುಂದೆ ಒಪ್ಪಿಕೊಳ್ಳಲು ತಯಾರಾಗುವ ದೃಢೀಕರಣದ ತರಗತಿಯಲ್ಲಿ ಯಾವುದಾದರೂ ಹುಡುಗಿ ‘ದೇವರು ಇದನ್ನೆಲ್ಲ ಯಾಕೆ ಬಿಡುತ್ತಾನೆ’ ಎಂದು ಕೇಳಿದರೆ ಬಾಯಿ ಮುಚ್ಚಿಸಬೇಡಿ. ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ ಮಗಳೇ, ಬಾ, ಯೋಬನ ಪುಸ್ತಕ ಜೊತೆಗೇ ಓದೋಣ’ ಅನ್ನಿ. ಕಷ್ಟದಲ್ಲಿ ದೇವರನ್ನೇ ಪ್ರಶ್ನಿಸಿದವನ ಕಥೆ ಅದು. ಬಾಯಿಪಾಠ ಮುಂದಿನ ವಾರ ಒಪ್ಪಿಸಿದರೂ ನಡೆಯುತ್ತದೆ.

ನಮಸ್ಕಾರ.