ಸೇಂಟ್ ಪಾಲ್ಸ್‌ನಿಂದ ಬಸವಣ್ಣನವರೆಗೆ: ಲಂಡನ್ನಿನಲ್ಲಿ ಒಂದು ನಡಿಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆಯಿಂದ ಲಂಡನ್ನಿಗೆ ಹೋದವರು ನೋಡಿ ಬರುವ ಜಾಗಗಳು ಹೆಚ್ಚೂಕಡಿಮೆ ಒಂದೇ. ಬಿಗ್ ಬೆನ್, ಟವರ್ ಬ್ರಿಡ್ಜ್, ಬಕಿಂಗ್‌ಹ್ಯಾಮ್ ಅರಮನೆ, ಮೇಣದ ಬೊಂಬೆಗಳ ಮ್ಯೂಸಿಯಂ, ಲಂಡನ್ ಐ ಅನ್ನುವ ಆ ದೊಡ್ಡ ರಾಟೆ. ಮಗಳ ಬಾಣಂತನಕ್ಕೆ ಹೋದ ಅಪ್ಪ ಅಮ್ಮಂದಿರೂ ಬಿಡುವು ಸಿಕ್ಕ ಮೊದಲ ಶನಿವಾರ, ಭಾನುವಾರ ಇವನ್ನೇ ನೋಡಿ ಮುಗಿಸುತ್ತಾರೆ. ನೋಡಬೇಕಾದ್ದೇ, ಬೇಡ ಅನ್ನುವುದಿಲ್ಲ. ಆಮೇಲೆ ಅವರು ‘ಇನ್ನೇನಿದೆ ಇಲ್ಲಿ ನೋಡೋದಕ್ಕೆ?’ ಅಂತ ಕೇಳುತ್ತಾರಲ್ಲ, ಅವರಿಗಾಗಿ ಇವತ್ತಿನ ಈ ಮಾತು.

ನಾನು ಹೇಳಹೊರಟಿರುವುದು ಒಂದು ದಿನದ ನಡಿಗೆ. ಸುಮಾರು ಏಳು ಕಿಲೋಮೀಟರ್. ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ ಹೊರಟು, ಥೇಮ್ಸ್ ಹೊಳೆ ದಾಟಿ, ಆಚೆ ದಡ ಹಿಡಿದು ನಮ್ಮ ಬಸವಣ್ಣನವರ ಪ್ರತಿಮೆಯ ತನಕ. ಒಂದು ಕಡೆ ಬಿಟ್ಟರೆ ಮತ್ತೆಲ್ಲೂ ಟಿಕೆಟ್ ಇಲ್ಲ.

ಲಂಡನ್ನಿನಲ್ಲಿ ರಾಜರಿಗೆ, ಸೇನಾಪತಿಗಳಿಗೆ ಪ್ರತಿಮೆಗಳು ಬೇಕಾದಷ್ಟಿವೆ. ಅದೇ ಊರು ಒಬ್ಬ ಕೂಲಿಯವನ ಮಗಳ ಹೆಸರನ್ನು, ಹನ್ನೊಂದು ವರ್ಷದ ಒಬ್ಬ ಹುಡುಗನ ಹೆಸರನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡಿದೆ. ಲಂಡನ್ನಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಗೋಡೆ. ಅಲ್ಲಿಂದಲೇ ಹೊರಡೋಣ.

ಸೇಂಟ್ ಪಾಲ್ಸ್ ಟ್ಯೂಬ್ ಸ್ಟೇಷನ್ನಿನಿಂದ, ಅಂದರೆ ನೆಲದಡಿಯ ರೈಲಿನ ನಿಲ್ದಾಣದಿಂದ, ಮೇಲೆ ಬಂದು, ಚರ್ಚಿಗೆ ಬೆನ್ನು ಹಾಕಿ ಐದು ನಿಮಿಷ ನಡೆದರೆ ಪೋಸ್ಟ್‌ಮನ್ಸ್ ಪಾರ್ಕ್ ಸಿಗುತ್ತದೆ. ಸುತ್ತಲೂ ಎತ್ತರದ ಆಫೀಸು ಕಟ್ಟಡಗಳು. ನಡುವೆ ಪುಟ್ಟ ತೋಟ, ನಾಲ್ಕಾರು ಬೆಂಚು. ಇದು ಮೊದಲು ಚರ್ಚಿನ ಸ್ಮಶಾನವಾಗಿತ್ತು. ಹಳೆಯ ಗೋರಿಕಲ್ಲುಗಳನ್ನು ಇವತ್ತಿಗೂ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ. 1880ರಲ್ಲಿ ಉದ್ಯಾನವಾಯಿತು. ಪಕ್ಕದಲ್ಲೇ ಅಂಚೆ ಇಲಾಖೆಯ ದೊಡ್ಡ ಕಚೇರಿ ಇತ್ತು. ಅಂಚೆಯವರು ಬಿಡುವಿನಲ್ಲಿ ಇಲ್ಲಿ ಬಂದು ಕೂರುತ್ತಿದ್ದರು. ಹಾಗಾಗಿ ಆ ಹೆಸರು.

ತೋಟದ ಒಂದು ಬದಿಗೆ ಮರದ ಮಾಡು ಇಳಿಸಿದ ಉದ್ದನೆಯ ಪಡಸಾಲೆ ಇದೆ. ಅದರ ಗೋಡೆಯ ತುಂಬ ಟೈಲ್‌ಗಳು. ಒಂದೊಂದರ ಮೇಲೂ ಒಂದು ಹೆಸರು, ಒಂದು ತಾರೀಕು, ಎರಡು ಮೂರು ಸಾಲು. ಬೇರೆಯವರ ಜೀವ ಉಳಿಸಲು ಹೋಗಿ ತಮ್ಮ ಜೀವ ಕೊಟ್ಟ ಜನಸಾಮಾನ್ಯರ ನೆನಪಿನ ಗೋಡೆ ಅದು. ಜಾರ್ಜ್ ಫ್ರೆಡರಿಕ್ ವಾಟ್ಸ್ ಅಂತ ಆ ಕಾಲದ ದೊಡ್ಡ ಚಿತ್ರಕಾರ. 1887ರಲ್ಲಿ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷ ತುಂಬಿದಾಗ, ಆ ಸಂಭ್ರಮದ ನೆನಪಿಗೆ ಇಂಥ ಜನರಿಗೊಂದು ಸ್ಮಾರಕ ಕಟ್ಟಿ ಅಂತ ಆತ ಪತ್ರಿಕೆಗೆ ಕಾಗದ ಬರೆದ. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆತ ಬಿಡಲಿಲ್ಲ. 1900ರಲ್ಲಿ, ವಯಸ್ಸು ಎಂಬತ್ತು ದಾಟಿದ ಮೇಲೆ, ಈ ಗೋಡೆ ಎದ್ದಿತು. ಆತ ತೀರಿಕೊಂಡ ನಂತರ ಹೆಂಡತಿ ಮೇರಿ ಕೆಲಸ ಮುಂದುವರಿಸಿದಳು. 120 ಟೈಲ್‌ಗಳಿಗೆ ಜಾಗ ಮಾಡಿದ್ದರು. ಈಗ ಇರುವುದು 54. ಉಳಿದ ಜಾಗ ಹಾಗೇ ಖಾಲಿ ಇದೆ.

ಓದುತ್ತಾ ಹೋಗಿ. ಸಾರಾ ಸ್ಮಿತ್, ನಾಟಕ ಕಂಪನಿಯ ಕಲಾವಿದೆ. ಜೊತೆಗಾತಿಯ ಬಟ್ಟೆಗೆ ಬೆಂಕಿ ಹತ್ತಿಕೊಂಡಾಗ ಆರಿಸಲು ಓಡಿದಳು. ಬೇಗ ಹತ್ತಿಕೊಳ್ಳುವಂಥ ಬಟ್ಟೆಯೇ ಇವಳ ಮೈಮೇಲೂ ಇತ್ತು. ಅದು 1863. ಥಾಮಸ್ ಸಿಂಪ್ಸನ್, ಹೈಗೇಟ್ ಕೆರೆಯ ಹಿಮ ಒಡೆದು ಬಿದ್ದ ಎಷ್ಟೋ ಜನರನ್ನು ಎಳೆದು ಹಾಕಿ, ಆ ಸುಸ್ತಿಗೇ ಸತ್ತ. ಇನ್ನೊಬ್ಬ ಹನ್ನೊಂದು ವರ್ಷದ ಸಾಲೊಮನ್ ಗ್ಯಾಲಮನ್. 1901ರಲ್ಲಿ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಇವನ ಪುಟ್ಟ ತಮ್ಮ ಗಾಡಿಗೆ ಸಿಕ್ಕುವುದರಲ್ಲಿದ್ದ. ಸಾಲೊಮನ್ ಅವನನ್ನು ಉಳಿಸಿದ. ಟೈಲಿನ ಮೇಲೆ ಆ ಹುಡುಗ ತಾಯಿಗೆ ಹೇಳಿದ ಮಾತು ಇದೆ: ‘ಅಮ್ಮಾ, ಅವನನ್ನು ಉಳಿಸಿದೆ. ನನ್ನನ್ನು ಉಳಿಸಿಕೊಳ್ಳೋಕೆ ಆಗಲಿಲ್ಲ.’ ಇದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತುಬಿಡಬೇಕು ಅನಿಸುತ್ತದೆ. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಕಾಣುತ್ತದೆ, ಅಲ್ಲಿ ಗಟ್ಟಿಯಾಗಿ ಮಾತಾಡುವವರನ್ನು ನಾನು ನೋಡಿಲ್ಲ.

ಒಂದು ಹೆಸರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ. ಆಲಿಸ್ ಏರ್ಸ್. ‘ಗಾರೆಯವರ ಕೈಕೆಳಗಿನ ಕೂಲಿಯವನ ಮಗಳು’ ಅಂತ ಟೈಲ್ ಅವಳನ್ನು ಪರಿಚಯ ಮಾಡಿಕೊಡುತ್ತದೆ. ಬರೋ ಎಂಬ ಹೆಸರಿನ ಪ್ರದೇಶದ ಯೂನಿಯನ್ ಸ್ಟ್ರೀಟ್‌ನಲ್ಲಿ ಉರಿಯುವ ಮನೆಯಿಂದ ಮೂರು ಮಕ್ಕಳನ್ನು ಉಳಿಸಿದವಳು. 1885ರ ಏಪ್ರಿಲ್ 24. ಆ ಬೀದಿ ಇನ್ನೂ ಇದೆ. ಹೊಳೆಯ ಆಚೆ ದಡದಲ್ಲಿ. ಈಗ ಅಲ್ಲಿಗೇ ಹೋಗುವುದು.

ಸೇಂಟ್ ಪಾಲ್ಸ್ ಮುಂದಿನಿಂದ ಮಿಲೆನಿಯಂ ಸೇತುವೆ ಹಿಡಿದು ನಡೆದೇ ಥೇಮ್ಸ್ ದಾಟಬಹುದು. ಗಾಡಿಗಳ ಕಾಟವಿಲ್ಲ. ದಾಟಿದ ಮೇಲೆ ಎಡಕ್ಕೆ ತಿರುಗಿ. ಕ್ಲಿಂಕ್ ಸ್ಟ್ರೀಟ್ ಅನ್ನುವ ಇಕ್ಕಟ್ಟಿನ ಓಣಿಯಲ್ಲಿ ಒಂದು ಪಾಳು ಗೋಡೆ, ಅದರಲ್ಲಿ ಹೂವಿನಂತೆ ಕೊರೆದ ದೊಡ್ಡ ದುಂಡು ಕಿಟಕಿ. ವಿಂಚೆಸ್ಟರ್ ಬಿಷಪ್ಪರ ಅರಮನೆಯಲ್ಲಿ ಉಳಿದಿರುವುದು ಹೆಚ್ಚೂಕಡಿಮೆ ಅಷ್ಟೇ. ಈ ದಡ ಆಗ ಲಂಡನ್ ನಗರದ ಕಾನೂನಿಗೆ ಹೊರಗಿತ್ತು. ಇಲ್ಲಿ ಸೂಳೆಗೇರಿ ಇತ್ತು. ಅದಕ್ಕೆ ಪರವಾನಗಿ ಕೊಟ್ಟು ಹಣ ಪಡೆಯುತ್ತಿದ್ದವರು ಇದೇ ಬಿಷಪ್ಪರು. ಆ ಹೆಣ್ಣುಮಕ್ಕಳು ಸತ್ತರೆ ಮಾತ್ರ ಚರ್ಚಿನ ಮಣ್ಣಿನಲ್ಲಿ ಜಾಗ ಇರಲಿಲ್ಲ.

ಅವರನ್ನು ಹೂಳುತ್ತಿದ್ದ ಜಾಗ ಅಂತ ಜನ ನಂಬಿರುವುದು ಕ್ರಾಸ್ ಬೋನ್ಸ್. ಅಲ್ಲಿಂದ ಹತ್ತು ನಿಮಿಷದ ದಾರಿ, ರೆಡ್‌ಕ್ರಾಸ್ ವೇ ಅನ್ನುವ ಬೀದಿಯಲ್ಲಿದೆ. ಆಮೇಲಿನ ಕಾಲದಲ್ಲಿ ಅದು ಬಡವರ ಸ್ಮಶಾನವಾಯಿತು. ಇನ್ನು ಹೂಳಲು ಜಾಗವೇ ಇಲ್ಲ ಅಂತ 1853ರಲ್ಲಿ ಮುಚ್ಚಿದರು. ಸುಮಾರು 15,000 ಜನ ಅಲ್ಲಿದ್ದಾರೆ ಅಂತ ಅಂದಾಜು. 1990ರ ದಶಕದಲ್ಲಿ ಟ್ಯೂಬ್ ರೈಲಿನ ಹೊಸ ಮಾರ್ಗದ ಕೆಲಸ ಬಂದಾಗ ಮ್ಯೂಸಿಯಂ ಆಫ್ ಲಂಡನ್‌ನವರು ಒಂದು ಮೂಲೆಯನ್ನು ಮಾತ್ರ ಅಗೆದರು. 148 ಅಸ್ಥಿಪಂಜರ ಸಿಕ್ಕವು. ಮಕ್ಕಳವೇ ಜಾಸ್ತಿ.

ಈಗ ಅದರ ಕಬ್ಬಿಣದ ಗೇಟು ಬಣ್ಣಬಣ್ಣದ ರಿಬ್ಬನ್ನುಗಳಿಂದ ತುಂಬಿಹೋಗಿದೆ. ರಿಬ್ಬನ್ನು, ಚೀಟಿ, ಹೂವು, ಸಣ್ಣ ಗೊಂಬೆ. ಪ್ರತಿ ತಿಂಗಳ 23ನೇ ತಾರೀಕು ಸಂಜೆ ಸುತ್ತಲಿನ ಜನ ಸೇರಿ ಆ ಹೆಸರಿಲ್ಲದವರನ್ನು ನೆನೆಯುತ್ತಾರೆ. ಒಳಗಿನ ತೋಟ ಎಲ್ಲ ದಿನ ತೆರೆದಿರುವುದಿಲ್ಲ. ಗೇಟು ಬೀದಿಯಲ್ಲೇ ಇದೆ, ಯಾವಾಗ ಬೇಕಾದರೂ ನೋಡಬಹುದು. ಊರ ನಡುವೆ ಇಷ್ಟು ಬೆಲೆಬಾಳುವ ಜಾಗ. ಅಲ್ಲಿ ಕಟ್ಟಡ ಏಳದ ಹಾಗೆ ನೋಡಿಕೊಂಡವರು ಈ ರಿಬ್ಬನ್ನು ಕಟ್ಟುವ ಜನ. ಅವರ ಬಗ್ಗೆ ನನಗೆ ತುಂಬಾ ಗೌರವ.

ಅದೇ ಬೀದಿಯಲ್ಲಿ ನಾಲ್ಕು ಹೆಜ್ಜೆಗೆ ರೆಡ್ ಕ್ರಾಸ್ ಗಾರ್ಡನ್. ಆಕ್ಟೇವಿಯಾ ಹಿಲ್ ಅನ್ನುವ ಹೆಣ್ಣುಮಗಳು 1887ರಲ್ಲಿ ಮಾಡಿಸಿದ ತೋಟ. ಕೂಲಿಕಾರರ ಮಕ್ಕಳಿಗೆ ಆಡಲು ಒಂದಿಷ್ಟು ಹಸಿರು ಬೇಕು ಅಂತ ಹಟ ಹಿಡಿದು, ಪಕ್ಕದಲ್ಲಿ ಅವರಿಗೆ ಸಣ್ಣ ಚೆಂದದ ಮನೆಗಳನ್ನೂ ಕಟ್ಟಿಸಿದಳು. ಹಳೆಯ ಕಟ್ಟಡ, ಪ್ರಕೃತಿಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯನ್ನು 1895ರಲ್ಲಿ ಕಟ್ಟಿದ ಮೂವರಲ್ಲಿ ಈಕೆಯೂ ಒಬ್ಬಳು. ಇಲ್ಲಿ ಕೂತು ಬುತ್ತಿ ಬಿಚ್ಚಬಹುದು. ಊಟಕ್ಕೆ ಬೇರೆ ಏನಾದರೂ ಬೇಕಿದ್ದರೆ ಬರೋ ಮಾರ್ಕೆಟ್ ಹತ್ತಿರವೇ ಇದೆ. ಅಲ್ಲಿ ರಶ್ ಜಾಸ್ತಿ, ರೇಟೂ ಜಾಸ್ತಿ.

ತೋಟದ ಹಿಂದಿನ ಬೀದಿಯ ಹೆಸರು ನೋಡಿ. ಏರ್ಸ್ ಸ್ಟ್ರೀಟ್. ನಮ್ಮ ಆಲಿಸ್‌ಳ ಹೆಸರೇ. 1936ರಲ್ಲಿ ಇಟ್ಟರು. ಆಲಿಸ್ ತನ್ನ ಅಕ್ಕನ ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಕೆಳಗೆ ಎಣ್ಣೆ, ಬಣ್ಣದ ಅಂಗಡಿ, ಮೇಲೆ ಮನೆ. ರಾತ್ರಿ ಬೆಂಕಿ ಬಿತ್ತು. ಕೆಳಗೆ ಸೇರಿದ ಜನ ‘ಹಾರು, ಹಾರು’ ಅಂತ ಕೂಗಿದರು. ಅವಳು ಮೊದಲು ಒಂದು ಹಾಸಿಗೆಯನ್ನು ಕಿಟಕಿಯಿಂದ ಕೆಳಕ್ಕೆ ತಳ್ಳಿದಳು. ಒಂದು ಮಗುವನ್ನು ಅದರ ಮೇಲೆ ಇಳಿಯಬಿಟ್ಟಳು. ಹೊಗೆಯೊಳಗೆ ವಾಪಸ್ಸು ಹೋಗಿ ಎರಡನೆಯದನ್ನು ತಂದಳು. ಆಮೇಲೆ ಮೂರನೆಯದನ್ನು. ಕೊನೆಗೆ ತಾನು ಹಾರುವಾಗ ಮೈಯಲ್ಲಿ ತ್ರಾಣವಿರಲಿಲ್ಲ, ಹಾಸಿಗೆಯ ಮೇಲೆ ಸರಿಯಾಗಿ ಬೀಳಲಿಲ್ಲ. ಎರಡು ದಿನದ ಮೇಲೆ ಗೈಸ್ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಗೈಸ್ ಆಸ್ಪತ್ರೆಯೂ ಹತ್ತಿರದಲ್ಲೇ ಇದೆ, ಸೇಂಟ್ ಥಾಮಸ್ ಸ್ಟ್ರೀಟ್‌ನಲ್ಲಿ. ಅದೇ ಬೀದಿಯ ಹಳೆಯ ಚರ್ಚೊಂದರ ಅಟ್ಟದಲ್ಲಿ ಸೇಂಟ್ ಥಾಮಸ್ ಅನ್ನುವ ಇನ್ನೊಂದು ಆಸ್ಪತ್ರೆಯ 1822ರ ಆಪರೇಷನ್ ಥಿಯೇಟರ್ ಇದೆ. ಟಿಕೆಟ್ ಕೊಡಬೇಕಾದ ಜಾಗ ಇದೊಂದೇ. ಸುರುಳಿ ಮೆಟ್ಟಿಲು 52, ತುಂಬಾ ಇಕ್ಕಟ್ಟು. ಮಂಡಿ ನೋವಿನವರು ಯೋಚನೆ ಮಾಡಿ ಹತ್ತಿ. ಮೇಲೆ ಒಂದು ಮರದ ಮೇಜು, ಸುತ್ತ ವಿದ್ಯಾರ್ಥಿಗಳು ನಿಂತು ನೋಡಲು ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆ. ಇಲ್ಲಿ ಶಸ್ತ್ರಚಿಕಿತ್ಸೆ ಆಗುತ್ತಿದ್ದದ್ದು ಬಡ ಹೆಂಗಸರಿಗೆ. ಎಚ್ಚರ ತಪ್ಪಿಸುವ ಔಷಧಿ ಲಂಡನ್ನಿಗೆ ಬಂದದ್ದೇ 1846ರ ಕೊನೆಯಲ್ಲಿ. ಅದಕ್ಕೂ ಮುಂಚೆ ಎಚ್ಚರ ಇದ್ದಂತೆಯೇ ಕೊಯ್ಯುತ್ತಿದ್ದರು. ರಕ್ತ ಇಳಿಯಲು ಮೇಜಿನ ಕೆಳಗೆ ಮರದ ಹೊಟ್ಟು ತುಂಬಿದ ಪೆಟ್ಟಿಗೆ. ರೈಲು ಮಾರ್ಗಕ್ಕಾಗಿ ಸೇಂಟ್ ಥಾಮಸ್ ಆಸ್ಪತ್ರೆ 1862ರಲ್ಲಿ ಈ ಜಾಗ ಬಿಟ್ಟಿತು. ಅಟ್ಟ ಮುಚ್ಚಿಹೋಯಿತು. ಸುಮಾರು ನೂರು ವರ್ಷ ಯಾರ ಕಣ್ಣಿಗೂ ಬೀಳದೆ ಹಾಗೇ ಉಳಿಯಿತು.

ಆಸ್ಪತ್ರೆ ಎಲ್ಲಿಗೆ ಹೋಯಿತು? ನಾವು ಈಗ ಹೊರಟಿರುವ ಕಡೆಗೇ. ಹೊಳೆಯ ದಡ ಹಿಡಿದು ಪಶ್ಚಿಮಕ್ಕೆ ನಡೆಯಿರಿ. ದಾರಿಯಲ್ಲಿ ಟೇಟ್ ಮಾಡರ್ನ್, ಲಂಡನ್ ಐ ಎಲ್ಲ ಬರುತ್ತವೆ, ಅವು ನಿಮಗೆ ಗೊತ್ತಿರುವಂಥವೇ. ವೆಸ್ಟ್‌ಮಿನ್‌ಸ್ಟರ್ ಸೇತುವೆ ಬಂದಾಗ ಹೊಳೆ ದಾಟದೆ ಇದೇ ದಡದಲ್ಲಿ ಮುಂದೆ ಹೋದರೆ ಎಡಕ್ಕೆ ಸೇಂಟ್ ಥಾಮಸ್ ಆಸ್ಪತ್ರೆ. ಬಲಕ್ಕೆ ಹೊಳೆ, ಆಚೆ ದಡದಲ್ಲಿ ಪಾರ್ಲಿಮೆಂಟು. ಜನ ಎಲ್ಲ ಪಾರ್ಲಿಮೆಂಟಿನ ಫೋಟೋ ತೆಗೆಯುತ್ತಾ ನಿಂತಿರುತ್ತಾರೆ. ನೀವು ಆಸ್ಪತ್ರೆಯ ಕಡೆಗೆ ತಿರುಗಿ. ಗೋಡೆಯ ಉದ್ದಕ್ಕೂ ಕೈಯಲ್ಲಿ ಬಿಡಿಸಿದ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ಸತ್ತ ಒಬ್ಬೊಬ್ಬರಿಗೆ ಒಂದೊಂದು. ಮನೆಯವರನ್ನು ಕಳೆದುಕೊಂಡವರೇ ಸೇರಿ 2021ರ ಮಾರ್ಚಿನಲ್ಲಿ ಶುರು ಮಾಡಿದ್ದು. ಈಗ ಎರಡು ಲಕ್ಷ ದಾಟಿವೆ. ಎಷ್ಟೋ ಹೃದಯಗಳ ಒಳಗೆ ಹೆಸರಿದೆ. ಮಳೆ ಬಿಸಿಲಿಗೆ ಬಣ್ಣ ಮಾಸುತ್ತದೆ, ಅವರು ಬಂದು ಮತ್ತೆ ಹಚ್ಚುತ್ತಾರೆ.

ಮುಂದೆ ಲ್ಯಾಂಬೆತ್ ಅರಮನೆಯ ಎದುರು ಒಂದು ಕಂಚಿನ ತಲೆ ಕಾಣುತ್ತದೆ. ಎರಡನೇ ಮಹಾಯುದ್ಧದಲ್ಲಿ ಶತ್ರುವಿನ ನೆಲಕ್ಕೆ ಗುಟ್ಟಾಗಿ ಹೋಗಿ ಕೆಲಸ ಮಾಡಿದವರ ಸ್ಮಾರಕ, 2009ರದ್ದು. ಮುಖ ವಯೊಲೆಟ್ ಜಾಬೊ ಎಂಬಾಕೆಯದು. ಸ್ಮಾರಕ ಎಲ್ಲರಿಗೂ ಸೇರಿದ್ದು. ಆ ಎಲ್ಲರಲ್ಲಿ ನೂರ್ ಇನಾಯತ್ ಖಾನ್ ಒಬ್ಬಳು, ಟಿಪ್ಪು ಸುಲ್ತಾನನ ವಂಶದ ಹುಡುಗಿ. 1943ರ ಜೂನಿನಲ್ಲಿ ಜರ್ಮನರ ಕೈಯಲ್ಲಿದ್ದ ಫ್ರಾನ್ಸಿಗೆ ವೈರ್‌ಲೆಸ್ ಆಪರೇಟರ್ ಆಗಿ ಹೋದ ಮೊದಲ ಹೆಂಗಸು. ಜೊತೆಯವರು ಒಬ್ಬೊಬ್ಬರೇ ಸಿಕ್ಕಿಬಿದ್ದರು. ವಾಪಸ್ಸು ಬಾ ಅಂದರೂ ಬರಲಿಲ್ಲ. ಮನೆಯಿಂದ ಮನೆಗೆ ರೇಡಿಯೋ ಸೆಟ್ಟು ಹೊತ್ತು ಪ್ಯಾರಿಸಿನಿಂದ ಸಂದೇಶ ಕಳಿಸುತ್ತಲೇ ಇದ್ದಳು. ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಳು. 1944ರ ಸೆಪ್ಟೆಂಬರ್ 13ರಂದು ಡಾಕಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. ವಯಸ್ಸು ಮೂವತ್ತು.

ಟಿಪ್ಪುವಿನ ಮರದ ಹುಲಿಯನ್ನು ನೋಡಲು ನಮ್ಮವರು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹುಡುಕಿಕೊಂಡು ಹೋಗುತ್ತಾರೆ. ಅವನ ವಂಶದ ಈ ಹೆಣ್ಣುಮಗಳ ಪ್ರತಿಮೆ ಎಲ್ಲಿದೆ ಅಂತ ಕೇಳಿದವರು ಕಡಿಮೆ. ಅದನ್ನು ಕೊನೆಗೆ ಹೇಳುತ್ತೇನೆ.

ಇನ್ನು ಸ್ವಲ್ಪವೇ ನಡೆದರೆ, ಲ್ಯಾಂಬೆತ್ ಸೇತುವೆಯ ಹತ್ತಿರ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನುವ ದಂಡೆಯ ಮೇಲೆ ಬಸವಣ್ಣನವರು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಇದರ ಹಿಂದೆ ಓಡಾಡಿದವರು ಕಲಬುರಗಿ ಕಡೆಯ ಡಾಕ್ಟರ್ ನೀರಜ್ ಪಾಟೀಲ್, ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಜಾಗದ ಆಯ್ಕೆ ನನಗೆ ತುಂಬಾ ಹಿಡಿಸಿತು. ಹೊಳೆಯ ಆಚೆ ಪಾರ್ಲಿಮೆಂಟು. ಈಚೆ, ಹನ್ನೆರಡನೇ ಶತಮಾನದಲ್ಲಿ ಮಡಿವಾಳರನ್ನು, ಅಂಬಿಗರನ್ನು, ಹರಳಯ್ಯನಂಥ ಸಮಗಾರರನ್ನು ಅನುಭವ ಮಂಟಪದಲ್ಲಿ ಜೊತೆಗೆ ಕೂರಿಸಿಕೊಂಡು ಮಾತಾಡಿಸಿದವರು. ಬೆಳಗಿನಿಂದ ಕೂಲಿಯವನ ಮಗಳ ಹೆಸರು, ಹೆಸರೇ ಇಲ್ಲದವರ ಗೇಟು ನೋಡಿಕೊಂಡು ಬಂದವರಿಗೆ ಈ ಪ್ರತಿಮೆ ಇಲ್ಲಿರುವುದು ಬಹಳ ಸರಿ ಅನಿಸುತ್ತದೆ. ಲಂಡನ್ನಿನ ಕನ್ನಡಿಗರು ಬಸವ ಜಯಂತಿಗೆ ಇಲ್ಲಿ ಹೂಮಾಲೆ ಹಾಕುತ್ತಾರೆ. ನೀವು ಬೇಸಿಗೆಯಲ್ಲಿ ಹೋದರೆ ಸಂಜೆ ಎಂಟರ ತನಕ ಬೆಳಕಿರುತ್ತದೆ, ಆತುರ ಬೇಡ. ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲಾಗುತ್ತದೆ, ಬೆಳಿಗ್ಗೆ ಬೇಗ ಹೊರಡಿ. ವಾಪಸ್ಸಾಗಲು ವಾಕ್ಸ್‌ಹಾಲ್ ಟ್ಯೂಬ್ ಸ್ಟೇಷನ್ ಹತ್ತಿರ.

ನೂರ್ ವಿಷಯ ಹೇಳುತ್ತೇನೆ ಅಂದಿದ್ದೆ. ಅವಳ ಪ್ರತಿಮೆ ಗಾರ್ಡನ್ ಸ್ಕ್ವೇರ್ ಎಂಬ ಉದ್ಯಾನದಲ್ಲಿದೆ. ಅವಳು ಚಿಕ್ಕವಳಿದ್ದಾಗ ಅಲ್ಲೇ ಹತ್ತಿರ ವಾಸವಾಗಿದ್ದಳು. 2012ರಲ್ಲಿ ಇಟ್ಟರು. ಬ್ರಿಟಿಷ್ ಮ್ಯೂಸಿಯಂ ನೋಡಲು ನೀವು ಹೇಗೂ ಹೋಗುತ್ತೀರಿ, ಅಲ್ವಾ? ಅಲ್ಲಿಂದ ಉತ್ತರಕ್ಕೆ ನಡೆದರೆ ಹತ್ತು ನಿಮಿಷ. ಆ ದಿನದ ಪಟ್ಟಿಯಲ್ಲಿ ಅದನ್ನೂ ಸೇರಿಸಿಕೊಳ್ಳಿ.

ನಮಸ್ಕಾರ.