ಸಿಮೆಂಟ್ ಮೂಟೆಗಿಂತ ಹಗುರವಾದ ಚಾಂಪಿಯನ್: ರಿಕಾರ್ಡೊ ‘ಫಿನಿಟೊ’ ಲೋಪೆಸ್

ನಮಸ್ಕಾರ. ಒಂದು ಮೂಟೆ ಸಿಮೆಂಟಿನ ತೂಕ 50 ಕಿಲೋ. ಈ ವಿಡಿಯೊದಲ್ಲಿ ನಾನು ಪರಿಚಯಿಸಲಿರುವ ಮೆಕ್ಸಿಕೊದ ಬಾಕ್ಸರ್, ತಮ್ಮ ವೃತ್ತಿಜೀವನದ ಬಹುಭಾಗದಲ್ಲಿ, ಪಂದ್ಯಕ್ಕೆ ಮುನ್ನ ತೂಕದ ಯಂತ್ರದ ಮೇಲೆ ನಿಂತಾಗ ಅದಕ್ಕಿಂತಲೂ ಕಡಿಮೆ, ಅಂದರೆ 47.6 ಕಿಲೋ ಮೀರದಂತೆ ತೂಗಬೇಕಿತ್ತು. ಆ ವಿಭಾಗಕ್ಕೆ ಸ್ಟ್ರಾವೇಟ್ ಎನ್ನುತ್ತಾರೆ. ಹೆಸರಿನಲ್ಲೇ ಹುಲ್ಲುಕಡ್ಡಿ ಇದೆ. ಪುರುಷರ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅದಕ್ಕಿಂತ ಹಗುರವಾದ ವಿಶ್ವ ಕಿರೀಟ ಇನ್ನೊಂದಿಲ್ಲ. ಅವರ ಹೆಸರು ರಿಕಾರ್ಡೊ ಲೋಪೆಸ್. ನಾಜೂಕುಗಾರ ಎಂಬ ಅರ್ಥ ಬರುವ ‘ಫಿನಿಟೊ’ ಎಂಬ ಅಡ್ಡಹೆಸರಿನಿಂದಲೇ ಅಭಿಮಾನಿಗಳು ಅವರನ್ನು ಹೆಚ್ಚಾಗಿ ಗುರುತಿಸುತ್ತಾರೆ. ಅವರು ಆಡಿದ 52 ಪಂದ್ಯಗಳಲ್ಲಿ 51 ಗೆಲುವು, ಒಂದು ಡ್ರಾ. ಸೋಲು ಒಂದೂ ಇಲ್ಲ. ಆ ಗೆಲುವುಗಳಲ್ಲಿ 38 ನಾಕೌಟ್‌ಗಳು.

ಲೋಪೆಸ್ ಹುಟ್ಟಿದ್ದು 1966ರಲ್ಲಿ, ಮೆಕ್ಸಿಕೊದ ಮೊರೆಲೋಸ್ ರಾಜ್ಯದ ಕ್ವೆರ್ನಾವಾಕಾದಲ್ಲಿ. 1985ರ ಜನವರಿಯಲ್ಲಿ ಅವರು ವೃತ್ತಿಪರರಾದಾಗ ಸ್ಟ್ರಾವೇಟ್ ವಿಭಾಗವೇ ಅಸ್ತಿತ್ವದಲ್ಲಿರಲಿಲ್ಲ. ವಿಶ್ವ ಕಿರೀಟ ನೀಡುವ ಡಬ್ಲ್ಯುಬಿಸಿ, ಡಬ್ಲ್ಯುಬಿಎ, ಐಬಿಎಫ್‌ನಂಥ ಬಾಕ್ಸಿಂಗ್ ಸಂಸ್ಥೆಗಳು ಆ ಮಿತಿಯಲ್ಲಿ ಚಾಂಪಿಯನ್‌ಗಳನ್ನು ಮಾನ್ಯ ಮಾಡತೊಡಗಿದ್ದು 1987ರಿಂದ ಈಚೆಗೆ. ಅಷ್ಟರವರೆಗೆ ಅವರು ತಮಗಿಂತ ಭಾರದವರ ವಿಭಾಗಗಳಲ್ಲಿಯೇ ಸೆಣಸುತ್ತ ಬಂದರು. ಅವರನ್ನು ತಿದ್ದಿ ತೀಡಿದವರು ತರಬೇತುದಾರ ಇಗ್ನಾಸಿಯೊ ‘ನಾಚೊ’ ಬೆರಿಸ್ತಾಯಿನ್. ಮುಂದೆ ವಿಶ್ವ ಚಾಂಪಿಯನ್ ಆದ ಹುವಾನ್ ಮ್ಯಾನುಯೆಲ್ ಮಾರ್ಕೆಸ್ ಅವರನ್ನು ಬೆಳೆಸಿದವರೂ ಇದೇ ಗುರುಗಳು. ಎದುರಾಳಿಯ ಹೊಡೆತಕ್ಕೆ ಕಾದು ಮರುಹೊಡೆತ ಕೊಡುವ ಮಾರ್ಕೆಸ್ ಅವರ ಕ್ರಮವನ್ನು ಮೆಚ್ಚಿಕೊಂಡವರು ಲೋಪೆಸ್ ಅವರ ಪಂದ್ಯಗಳನ್ನು ನೋಡಿದರೆ ಒಂದೇ ಮನೆಯ ಅಡುಗೆಯ ರುಚಿ ತಕ್ಷಣ ಗೊತ್ತಾಗುತ್ತದೆ.

1990ರ ಅಕ್ಟೋಬರ್ 25ರಂದು ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ಲೋಪೆಸ್ ಹಿಡೆಯುಕಿ ಒಹಾಶಿ ಅವರನ್ನು ಎದುರಿಸಿದರು. ವಿಶ್ವ ಕಿರೀಟಕ್ಕಾಗಿ ಜಪಾನಿನ ಬಾಕ್ಸರ್‌ಗಳು ಸತತವಾಗಿ 21 ಬಾರಿ ಸೋತಿದ್ದ ಕಾಲದಲ್ಲಿ, ಅದೇ ವರ್ಷದ ಆರಂಭದಲ್ಲಿ, ಡಬ್ಲ್ಯುಬಿಸಿ ಕಿರೀಟ ಗೆದ್ದು ಆ ಬರ ನೀಗಿಸಿದ್ದ ಒಹಾಶಿ ಅಲ್ಲಿಯ ಜನರ ಕಣ್ಮಣಿಯಾಗಿದ್ದರು. ಐದನೇ ಸುತ್ತಿನಲ್ಲಿ ಪಂದ್ಯ ಮುಗಿಯಿತು. ಕಿರೀಟ ಮೆಕ್ಸಿಕೊಗೆ ಹೋಯಿತು. ಇಂದು ಜಪಾನಿನ ವಿಶ್ವ ಚಾಂಪಿಯನ್ ನವೋಯಾ ಇನೊಯೆ ಅವರನ್ನು ಬೆಳೆಸಿದ ಜಿಮ್‌ನ ಒಡೆಯರಾಗಿ ಜಗತ್ತಿಗೆ ಪರಿಚಿತರಾಗಿರುವವರು ಇದೇ ಒಹಾಶಿ.

ಆ ಪಂದ್ಯವನ್ನು ನಾನು ಧ್ವನಿ ಪೂರ್ತಿ ಮುಚ್ಚಿ, ವೇಗ ಅರ್ಧಕ್ಕೆ ಇಳಿಸಿ, ಲೋಪೆಸ್ ಅವರ ಪಾದಗಳನ್ನಷ್ಟೇ ಗಮನಿಸುತ್ತ ಮತ್ತೊಮ್ಮೆ ನೋಡಿದೆ. ಹಿಂದೆ ಸರಿಯುವಾಗಲೂ ಎರಡು ಪಾದಗಳ ನಡುವಿನ ಅಂತರ ಕೆಡುವುದಿಲ್ಲ; ಕಾಲಿಗೆ ಕಾಲು ಅಡ್ಡ ಬರುವುದಿಲ್ಲ. ಕೈಗಳು ಕೆನ್ನೆಯ ಮಟ್ಟದಿಂದ ಇಳಿಯುವುದಿಲ್ಲ. ಎಡಗೈಯ ಜ್ಯಾಬ್, ಅಂದರೆ ಚುರುಕಾದ ನೇರ ಹೊಡೆತ, ಹೋದ ದಾರಿಯಲ್ಲೇ ಮರಳಿ ಬರುತ್ತದೆ. ಎದುರಾಳಿಯ ಕೈ ಒಂದು ಗೇಣು ಕೆಳಗಿಳಿದರೆ ಸಾಕು, ಪಕ್ಕದಿಂದ ಹುಕ್ಕೂ ಕೆಳಗಿನಿಂದ ಅಪ್ಪರ್‌ಕಟ್ಟೂ ಒಂದರ ಬೆನ್ನಿಗೆ ಒಂದು ಬಂದು ಬೀಳುತ್ತವೆ. ಸಣ್ಣ ತೂಕದವರ ಹೊಡೆತದಲ್ಲಿ ಬಲವಿಲ್ಲ ಎಂಬ ಮಾತು ಇವರ ವಿಷಯದಲ್ಲಿ ಶುದ್ಧ ಸುಳ್ಳು.

ಡಬ್ಲ್ಯುಬಿಸಿ ಕಿರೀಟವನ್ನು ಅವರು 21 ಬಾರಿ ಉಳಿಸಿಕೊಂಡರು. ಸವಾಲು ಹಾಕಿದವರ ನೆಲಕ್ಕೇ, ಜಪಾನಿಗೂ ದಕ್ಷಿಣ ಕೊರಿಯಾಗೂ ಹೋಗಿ ಗೆದ್ದುಬಂದರು. ಆದರೂ ದೊಡ್ಡ ಹಣ ಅವರತ್ತ ಬರಲಿಲ್ಲ. ಅದು ಮೂರೇ ಪೌಂಡ್ ಮೇಲೆ, ಅಂದರೆ ಒಂದೂವರೆ ಕಿಲೋಗೂ ಕಡಿಮೆ ಅಂತರದಲ್ಲಿದ್ದ ಲೈಟ್ ಫ್ಲೈವೇಟ್ ವಿಭಾಗದಲ್ಲಿ ಸುರಿಯುತ್ತಿತ್ತು. ಅಲ್ಲಿ ಅಮೆರಿಕದ ಮೈಕೆಲ್ ಕಾರ್ಬಹಾಲ್ ಮತ್ತು ಮೆಕ್ಸಿಕೊದ ಉಂಬೆರ್ತೊ ‘ಚಿಕಿತಾ’ ಗೊನ್ಸಾಲೆಸ್ ನಡುವಿನ ಹಣಾಹಣಿ ಮನೆಮಾತಾಗಿತ್ತು. ಆ ಇಬ್ಬರಲ್ಲಿ ಒಬ್ಬರೊಡನೆಯೂ ಲೋಪೆಸ್ ಅವರ ಪಂದ್ಯ ನಡೆಯಲೇ ಇಲ್ಲ, ಮತ್ತು ಅದರ ನೋವು ನನಗೆ ಇಂದಿಗೂ ಇದೆ. ಗೆಲ್ಲುತ್ತಿದ್ದವರು ಯಾರು ಎಂಬುದಕ್ಕೆ ಒಂದು ಸುಳಿವು ಮಾತ್ರ ಉಳಿದಿದೆ: ಥಾಯ್ಲೆಂಡ್‌ನ ಸಮನ್ ಸೊರ್ಜಾಟುರೊಂಗ್ ಅವರನ್ನು ಲೋಪೆಸ್ 1993ರಲ್ಲಿ ಎರಡನೇ ಸುತ್ತಿನಲ್ಲೇ ಮುಗಿಸಿದ್ದರು, ಅದೇ ಸಮನ್ 1995ರಲ್ಲಿ ಮೇಲಿನ ವಿಭಾಗಕ್ಕೆ ಹೋಗಿ ಗೊನ್ಸಾಲೆಸ್ ಅವರನ್ನು ನಾಕೌಟ್ ಮಾಡಿ ಕಿರೀಟ ಕಸಿದುಕೊಂಡರು. ಬಾಕ್ಸಿಂಗ್‌ನಲ್ಲಿ ಇಂಥ ಲೆಕ್ಕ ಸದಾ ಕೂಡಿಬರುವುದಿಲ್ಲ ಎಂಬುದು ನಿಜವಾದರೂ ನಾನು ಲೋಪೆಸ್ ಅವರ ಪರವಾಗಿಯೇ ನಿಲ್ಲುತ್ತೇನೆ.

ಅವರ ದಾಖಲೆಯಲ್ಲಿರುವ ಆ ಒಂದು ಡ್ರಾ ನಡೆದದ್ದು 1998ರ ಮಾರ್ಚ್ 7ರಂದು, ಮೆಕ್ಸಿಕೊ ನಗರದ ಗೂಳಿಕಾಳಗದ ಅಂಗಣವಾದ ಪ್ಲಾಸಾ ಮೆಹಿಕೊದಲ್ಲಿ. ಎದುರಿಗಿದ್ದವರು ನಿಕರಾಗುವಾದ ರೊಸೆಂಡೊ ಆಲ್ವಾರೆಸ್. ಡಬ್ಲ್ಯುಬಿಎ ಚಾಂಪಿಯನ್, ಅವರೂ ಅಜೇಯರು. ಎರಡನೇ ಸುತ್ತಿನಲ್ಲಿ ಆಲ್ವಾರೆಸ್ ಅವರ ಹೊಡೆತಕ್ಕೆ ಲೋಪೆಸ್ ನೆಲಕ್ಕುರುಳಿದರು. ವೃತ್ತಿಜೀವನದ ಹದಿಮೂರು ವರ್ಷಗಳಲ್ಲಿ ಅವರು ಕೆಳಗೆ ಬಿದ್ದದ್ದು ಅದೇ ಮೊದಲು, ಅದೂ ತಮ್ಮ ಜನರ ಕಣ್ಣೆದುರು. ಎದ್ದು ನಿಂತು ಮತ್ತೆ ಹೋರಾಟ ಕಟ್ಟುತ್ತಿದ್ದಾಗ ತಲೆಗೆ ತಲೆ ಡಿಕ್ಕಿಯಾಗಿ ಮುಖ ಸೀಳಿತು, ಪಂದ್ಯವನ್ನು ಮುಂದುವರಿಸಲಾಗಲಿಲ್ಲ, ತೀರ್ಪುಗಾರರ ಅಂಕಗಳ ಪ್ರಕಾರ ಅದು ತಾಂತ್ರಿಕ ಡ್ರಾ ಎಂದು ಘೋಷಣೆಯಾಯಿತು.

ಮರುಪಂದ್ಯ ಅದೇ ವರ್ಷದ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ನಡೆಯಿತು. ಆಲ್ವಾರೆಸ್ ತೂಕದ ಮಿತಿಗೆ ಇಳಿಯದೆಯೇ ಬಂದರು. ಸಣ್ಣ ವಿಭಾಗಗಳಲ್ಲಿ ಒಂದೊಂದು ಪೌಂಡಿಗೂ ಬೆಲೆಯಿದೆ, ಏಕೆಂದರೆ ಅಲ್ಲಿ ಒಂದು ಪೌಂಡ್ ಎಂದರೆ ಇಡೀ ದೇಹದ ತೂಕದ ನೂರರಲ್ಲಿ ಹೆಚ್ಚುಕಡಿಮೆ ಒಂದು ಭಾಗ. ಲೋಪೆಸ್ ಬೇಡವೆನ್ನಬಹುದಿತ್ತು, ಅನ್ನಲಿಲ್ಲ. ತಮ್ಮನ್ನು ಒಮ್ಮೆ ಕೆಡವಿದ್ದ, ಈಗ ತಮಗಿಂತ ಭಾರವಾಗಿದ್ದ ಎದುರಾಳಿಯೊಡನೆ ಅವರು 12 ಸುತ್ತು ಕಾದಾಡಿ ವಿಭಜಿತ ತೀರ್ಪಿನಲ್ಲಿ ಗೆದ್ದರು. ಒಬ್ಬ ತೀರ್ಪುಗಾರರು ಆಲ್ವಾರೆಸ್ ಕಡೆಗಿದ್ದರು, ಅಷ್ಟು ಬಿಗಿಯಾದ ಪಂದ್ಯ ಅದು. ಅವರ 38 ನಾಕೌಟ್‌ಗಳಿಗಿಂತ ಈ ಗೆಲುವನ್ನೇ ನಾನು ಮೇಲಿಡುತ್ತೇನೆ.

ಅನಂತರ ಲೋಪೆಸ್ ಮೇಲಿನ ವಿಭಾಗಕ್ಕೆ ಏರಿ 1999ರ ಅಕ್ಟೋಬರ್‌ನಲ್ಲಿ ವಿಲ್ ಗ್ರಿಗ್ಸ್‌ಬಿ ಅವರಿಂದ ಐಬಿಎಫ್ ಲೈಟ್ ಫ್ಲೈವೇಟ್ ಕಿರೀಟ ಗೆದ್ದರು. ಆ ವೇಳೆಗೆ ಗೊನ್ಸಾಲೆಸ್ ಮತ್ತು ಕಾರ್ಬಹಾಲ್ ಇಬ್ಬರೂ ನಿವೃತ್ತರಾಗಿದ್ದರು. ಲೋಪೆಸ್ ಅವರ ಕೊನೆಯ ಪಂದ್ಯ 2001ರ ಸೆಪ್ಟೆಂಬರ್ 29ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆಯಿತು. ಆ ನಗರದ ಮೇಲೆ ಭಯೋತ್ಪಾದಕ ದಾಳಿಯಾಗಿ ಮೂರು ವಾರವೂ ಆಗಿರಲಿಲ್ಲ, ಅದೇ ಕಾರಣಕ್ಕೆ ಇಡೀ ಕಾರ್ಯಕ್ರಮವನ್ನು ಮುಂದೂಡಲಾಗಿತ್ತು. ಅಂದಿನ ಮುಖ್ಯ ಪಂದ್ಯ ಬರ್ನಾರ್ಡ್ ಹಾಪ್ಕಿನ್ಸ್ ಮತ್ತು ಫೆಲಿಕ್ಸ್ ಟ್ರಿನಿಡಾಡ್ ಅವರದು. ಅದಕ್ಕೂ ಮೊದಲು 35 ವರ್ಷದ ಲೋಪೆಸ್, ದಕ್ಷಿಣ ಆಫ್ರಿಕಾದ ಜೊಲಾನಿ ಪೆಟೆಲೊ ಅವರನ್ನು ಎಂಟನೇ ಸುತ್ತಿನಲ್ಲಿ ನಾಕೌಟ್ ಮಾಡಿದರು. ಮರುವರ್ಷ ನಿವೃತ್ತಿ ಘೋಷಿಸಿದರು, ಮತ್ತೆ ರಿಂಗ್‌ಗೆ ಮರಳಲಿಲ್ಲ. 2010ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು.

ಅವರ ಪಂದ್ಯಗಳನ್ನು ಮೊದಲ ಬಾರಿಗೆ ನೋಡುವವರು ದಯವಿಟ್ಟು ನಾಕೌಟ್‌ಗಳ ತುಣುಕುಗಳಿಂದ ಆರಂಭಿಸಬೇಡಿ. 1998ರ ನವೆಂಬರ್‌ನ ಮರುಪಂದ್ಯವನ್ನು ಮೊದಲ ಸುತ್ತಿನ ಗಂಟೆ ಬಾರಿಸಿದಾಗಿನಿಂದ ಕೊನೆಯ ಸುತ್ತಿನ ಗಂಟೆ ಬಾರಿಸುವವರೆಗೆ ನೋಡಿ, ಆ ಪಾದಗಳ ಮೇಲೆ ಕಣ್ಣಿಡಿ.